ಗೋವಾದ ಕೈಗಾರಿಕೆಗಳಲ್ಲಿ ಎಂಬೆಡೆಡ್ ತಂತ್ರಜ್ಞಾನ

ಯಂತ್ರದ ಒಳಗೆ ಅದರ ಅಂಗವಾಗಿಯೇ ಕೂತು, ಗೊತ್ತುಪಡಿಸಿದ ಒಂದೋ ಎರಡೋ ಕೆಲಸಗಳನ್ನಷ್ಟೇ ಮಾಡುವ ಪುಟ್ಟ ಕಂಪ್ಯೂಟರಿಗೆ ಎಂಬೆಡೆಡ್ ವ್ಯವಸ್ಥೆ ಎನ್ನುತ್ತಾರೆ. ಇದಕ್ಕೆ ಕೀಲಿಮಣೆ ಬೇಕಿಲ್ಲ, ಪರದೆ ಇರಲೇಬೇಕೆಂದೂ ಇಲ್ಲ. ಬಳಸುವ ಬಹುಪಾಲು ಮಂದಿಗೆ ತಾವು ಕಂಪ್ಯೂಟರ್ ಬಳಸುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಮೀನು ಮಾರುಕಟ್ಟೆಯ ಎಲೆಕ್ಟ್ರಾನಿಕ್ ತಕ್ಕಡಿ, ಪೆಟ್ರೋಲ್ ಬಂಕಿನ ಪಂಪು, ಮನೆಯ ಕರೆಂಟ್ ಮೀಟರು, ಮತಯಂತ್ರ, ಮಾತ್ರೆ ಪ್ಯಾಕ್ ಮಾಡುವ ಯಂತ್ರ, ರೈಲು ಎಂಜಿನ್ನಿನ ಬ್ರೇಕು ಹಾಕುವ ಪೆಟ್ಟಿಗೆ ಎಲ್ಲವೂ ಈ ಜಾತಿಗೇ ಸೇರಿದವು.

3,702 ಚದರ ಕಿ.ಮೀ. ವಿಸ್ತೀರ್ಣದ ಗೋವಾ ಹೊರಗಿನವರಿಗೆ ಕಡಲತೀರ, ಚರ್ಚು, ಫೆನ್ನಿಗಳ ಊರು. ಆದರೆ ಅದು ಔಷಧ, ಕಬ್ಬಿಣದ ಅದಿರು, ಟಯರು, ಹಡಗು, ಪ್ಯಾಕಿಂಗ್ ಯಂತ್ರ, ನೆಟ್‌ವರ್ಕ್ ಉಪಕರಣಗಳ ಊರೂ ಹೌದು. ದೇಶದ ಮಟ್ಟದಲ್ಲಿ ಹೆಸರಾದ ಕೆಲವು ಎಂಬೆಡೆಡ್ ಸಾಧನಗಳು ಇಲ್ಲಿ ಹುಟ್ಟಿದವು, ಇನ್ನು ಕೆಲವು ಮೊದಲು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಇಲ್ಲಿ. ಅವುಗಳಲ್ಲಿ ಗೆದ್ದವೂ ಇವೆ, ಸೋತವೂ ಇವೆ. ಸೋಲು ಗೆಲುವಿಗೆ ಚಿಪ್ಪಿನ ವೇಗ ಕಾರಣವಾದದ್ದು ಕಡಿಮೆ. ಸಾಧನದ ಸೆನ್ಸರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದೇ ಹೆಚ್ಚಿನ ಕಡೆ ನಿರ್ಣಾಯಕವಾಗಿದೆ.

ಒಳಗೇನಿದೆ

ಅತಿ ಸಾಮಾನ್ಯ ಉದಾಹರಣೆಯೆಂದರೆ ತಕ್ಕಡಿ. ತಟ್ಟೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ತೂಕ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಜಾಲ ಎಳೆಯಲ್ಪಟ್ಟು ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಅಂಕಿಯಾಗಿಸಿ, ಗ್ರಾಮಿಗೆ ಪರಿವರ್ತಿಸಿ, ದರದಿಂದ ಗುಣಿಸಿ ತೋರಿಸುವುದು ಮೈಕ್ರೋಕಂಟ್ರೋಲರ್. ಪ್ರೊಸೆಸರು, ನೆನಪು, ಹೊರಗಿನೊಡನೆ ವ್ಯವಹರಿಸುವ ತಂತಿಗಳು ಎಲ್ಲವೂ ಒಂದೇ ಚಿಪ್ಪಿನಲ್ಲಿರುವ ಸಾಧನ ಇದು. ಇದರೊಳಗೆ ಕಾಯಮ್ಮಾಗಿ ಕೂರಿಸಿದ ಪ್ರೋಗ್ರಾಮಿಗೆ ಫರ್ಮ್‌ವೇರ್ ಎಂದು ಹೆಸರು. ಅದಿರು ಲಾರಿ ಹತ್ತುವ ವೇಬ್ರಿಡ್ಜಿನಲ್ಲಿ ಇರುವುದೂ ಇದೇ ತತ್ವ, ಲೋಡ್ ಸೆಲ್‌ಗಳು ದೊಡ್ಡವು ಅಷ್ಟೆ.

ಇಂಟೆಲ್ ಕಂಪನಿ 1971ರಲ್ಲಿ ಹೊರತಂದ 4004 ಚಿಪ್ಪನ್ನು ಮೂಲತಃ ಜಪಾನಿನ ಕಂಪನಿಯೊಂದರ ಕ್ಯಾಲ್ಕ್ಯುಲೇಟರಿಗೆಂದು ರೂಪಿಸಲಾಗಿತ್ತು. ಮೈಕ್ರೋಪ್ರೊಸೆಸರಿನ ಕಥೆ ಹಾಗೆ ಯಂತ್ರದ ಹೊಟ್ಟೆಯೊಳಗೇ ಶುರುವಾಯಿತು, ಮೇಜಿನ ಮೇಲೆ ಬಂದದ್ದು ಆಮೇಲೆ. 1980ರಲ್ಲಿ ಬಂದ 8051 ಸರಣಿಯ ಮೈಕ್ರೋಕಂಟ್ರೋಲರನ್ನು ಭಾರತದ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಕಾಲೇಜುಗಳ ಲ್ಯಾಬುಗಳಲ್ಲಿ ತಲೆಮಾರುಗಳು ಕಲಿತಿವೆ.

ಎಂಬೆಡೆಡ್ ವ್ಯವಸ್ಥೆಯಲ್ಲಿ ಉತ್ತರ ಸರಿಯಾಗಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ಪ್ಯಾಕಿಂಗ್ ಯಂತ್ರದ ಕತ್ತಿ ನೂರನೇ ಒಂದು ಸೆಕೆಂಡು ತಡವಾಗಿ ಬಿದ್ದರೂ ಪೊಟ್ಟಣ ಹಾಳು. ಜತೆಗೆ, ಪ್ರೋಗ್ರಾಮು ಎಲ್ಲೋ ಸಿಕ್ಕಿಹಾಕಿಕೊಂಡರೆ ‘ಆಫ್ ಮಾಡಿ ಆನ್ ಮಾಡಿ’ ಎನ್ನಲು ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕಾಗಿ ಚಿಪ್ಪಿನೊಳಗೆ ವಾಚ್‌ಡಾಗ್ ಎಂಬ ಪ್ರತ್ಯೇಕ ಗಡಿಯಾರ ಓಡುತ್ತಿರುತ್ತದೆ. ಪ್ರೋಗ್ರಾಮು ಗೊತ್ತಾದ ಅವಧಿಯೊಳಗೆ ಅದನ್ನು ಸೊನ್ನೆಗೆ ತರುತ್ತಲೇ ಇರಬೇಕು. ತಪ್ಪಿದರೆ ಪ್ರೋಗ್ರಾಮು ಸತ್ತಿದೆ ಎಂದುಕೊಂಡು ಗಡಿಯಾರವೇ ಚಿಪ್ಪನ್ನು ಮೊದಲಿನಿಂದ ಶುರುಮಾಡಿಸುತ್ತದೆ.

ಗೋವಾದಲ್ಲಿ ಇದಕ್ಕೆಲ್ಲ ಹವೆಯ ಕಾಟವೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ, ಗಾಳಿಯಲ್ಲಿನ ಉಪ್ಪು, ಗಣಿ ಪ್ರದೇಶದ ಕೆಂಪು ಧೂಳು ಮೂರೂ ಸರ್ಕ್ಯೂಟ್ ಬೋರ್ಡಿನ ವೈರಿಗಳು. ಉಪ್ಪಿನ ತೇವ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಕನೆಕ್ಟರುಗಳಲ್ಲಿ ಹಸಿರು ಕಟ್ಟುತ್ತದೆ. ಆದ್ದರಿಂದ ಕರಾವಳಿಗೆ ಬರುವ ಬೋರ್ಡುಗಳಿಗೆ ವಾರ್ನಿಷ್‌ನಂಥ ತೆಳು ಲೇಪ ಬಳಿಯುತ್ತಾರೆ, ಇಲ್ಲವೇ ಇಡೀ ಬೋರ್ಡನ್ನು ರಾಳದಲ್ಲಿ ಮುಳುಗಿಸಿ ಗಟ್ಟಿ ಮಾಡಿಬಿಡುತ್ತಾರೆ. ಹಾಗೆ ಮಾಡಿದ ಮೇಲೆ ಬೋರ್ಡು ಕೆಟ್ಟರೆ ರಿಪೇರಿಯ ಮಾತಿಲ್ಲ, ಎಸೆಯುವುದೇ.

ಕೊಂಕಣ ರೈಲ್ವೆ: ಡಿಕ್ಕಿ ತಡೆಯುವ ಪೆಟ್ಟಿಗೆ

ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಕೊಂಕಣ ರೈಲು ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಅದೇ ವರ್ಷ ನವೆಂಬರಿನಲ್ಲಿ ಪಂಜಾಬಿನ ಖನ್ನಾ, ಮರುವರ್ಷ ಆಗಸ್ಟ್ 2ರಂದು ಪಶ್ಚಿಮ ಬಂಗಾಳದ ಗೈಸಾಲ್‌ನಲ್ಲಿ ನಡೆದ ಅಪಘಾತಗಳು ನೂರಾರು ಜನರ ಪ್ರಾಣ ತೆಗೆದವು. ರೈಲುಗಳು ಡಿಕ್ಕಿಯಾಗುವುದನ್ನು ಯಂತ್ರವೇ ತಡೆಯಬಾರದೇಕೆ ಎಂಬ ಪ್ರಶ್ನೆ ಬಿಸಿಯಾಗಿದ್ದ ಆ ಕಾಲದಲ್ಲಿ ಕೊಂಕಣ ರೈಲ್ವೆ ನಿಗಮ ಒಂದು ಉತ್ತರ ಮುಂದಿಟ್ಟಿತು. ನಿಗಮದ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಬಿ. ರಾಜಾರಾಮ್ ರೂಪಿಸಿದ ಆ ಸಾಧನಕ್ಕೆ ಆ್ಯಂಟಿ ಕೊಲಿಷನ್ ಡಿವೈಸ್, ಎಂದರೆ ಎಸಿಡಿ ಎಂದು ಹೆಸರು. ‘ರಕ್ಷಾ ಕವಚ’ ಎಂದೂ ಕರೆದರು. ತಯಾರಿಕೆಯಲ್ಲಿ ಹೈದರಾಬಾದಿನ ಕರ್ನೆಕ್ಸ್ ಮೈಕ್ರೋಸಿಸ್ಟಮ್ಸ್ ಕೈಜೋಡಿಸಿತು.

ಕಲ್ಪನೆ ಸರಳ, ಚೆಂದ. ಎಂಜಿನ್ನಿನಲ್ಲಿ, ಗಾರ್ಡ್ ಡಬ್ಬಿಯಲ್ಲಿ, ನಿಲ್ದಾಣದಲ್ಲಿ, ಲೆವೆಲ್ ಕ್ರಾಸಿಂಗಿನಲ್ಲಿ ಒಂದೊಂದು ಪೆಟ್ಟಿಗೆ. ಪ್ರತಿ ಪೆಟ್ಟಿಗೆಯಲ್ಲಿ ಜಿಪಿಎಸ್ ರಿಸೀವರು, ರೇಡಿಯೊ ಮೋಡೆಮ್ಮು, ಮೈಕ್ರೋಪ್ರೊಸೆಸರು. ಸುಮಾರು 3 ಕಿ.ಮೀ. ಫಾಸಲೆಯಲ್ಲಿರುವ ಪೆಟ್ಟಿಗೆಗಳು ರೇಡಿಯೊ ಮೂಲಕ ತಮ್ಮ ಜಾಗ, ವೇಗ, ದಿಕ್ಕುಗಳನ್ನು ಒಂದಕ್ಕೊಂದು ತಿಳಿಸುತ್ತವೆ. ಎರಡು ರೈಲು ಒಂದೇ ಹಳಿಯ ಮೇಲೆ ಎದುರುಬದುರಾಗಿವೆ ಎಂದು ಕಂಡರೆ ಚಾಲಕನ ಅಪ್ಪಣೆಗೆ ಕಾಯದೆ ಬ್ರೇಕು ಬೀಳುತ್ತದೆ. ಹಳಿಯುದ್ದಕ್ಕೂ ತಂತಿ ಎಳೆಯಬೇಕಿಲ್ಲ, ಸಿಗ್ನಲ್ ವ್ಯವಸ್ಥೆಯನ್ನು ಮುಟ್ಟಬೇಕಿಲ್ಲ.

ತೊಡಕು ಇದ್ದದ್ದು ‘ಒಂದೇ ಹಳಿಯ ಮೇಲೆ’ ಎಂಬ ಮಾತಿನಲ್ಲಿ. ಅಕ್ಕಪಕ್ಕದ ಎರಡು ಹಳಿಗಳ ನಡುವಿನ ಅಂತರ ನಾಲ್ಕೈದು ಮೀಟರು. ಆ ಕಾಲದ ಜಿಪಿಎಸ್ ತಪ್ಪುತ್ತಿದ್ದದ್ದೇ ಅದಕ್ಕಿಂತ ಹೆಚ್ಚು. ರೈಲು ಮೇನ್ ಲೈನಿನಲ್ಲಿದೆಯೋ ಲೂಪ್ ಲೈನಿನಲ್ಲಿದೆಯೋ ಎಂದು ಉಪಗ್ರಹದಿಂದ ತಿಳಿಯುವಂತಿರಲಿಲ್ಲ. ರಾಜಾರಾಮ್ ಇದಕ್ಕೊಂದು ಜಾಣ ಉಪಾಯ ಹೂಡಿದರು. ಪಾಯಿಂಟ್ ದಾಟಿ ಬೇರೆ ಹಳಿಗೆ ಹೊರಳುವಾಗ ಎಂಜಿನ್ನಿನ ದಿಕ್ಕು ಕೆಲವು ಡಿಗ್ರಿ ವಾಲಿ ಮತ್ತೆ ನೆಟ್ಟಗಾಗುತ್ತದೆ. ಎಡಕ್ಕೆಷ್ಟು ಬಾರಿ, ಬಲಕ್ಕೆಷ್ಟು ಬಾರಿ ಹೀಗೆ ವಾಲಿತು ಎಂದು ಎಣಿಸಿಟ್ಟುಕೊಂಡರೆ ಯಾವ ಹಳಿಯಲ್ಲಿದ್ದೇವೆ ಎಂದು ಊಹಿಸಬಹುದು. ಇದನ್ನು ಡೀವಿಯೇಷನ್ ಕೌಂಟ್ ಎಂದರು. ಎಣಿಕೆ ಒಮ್ಮೆ ತಪ್ಪಿದರೆ ಮುಂದಿನದೆಲ್ಲವೂ ತಪ್ಪು ಎಂಬುದು ಇಂಥ ಲೆಕ್ಕಕ್ಕೆ ಅಂಟಿಕೊಂಡೇ ಬರುವ ಶಾಪ.

ಬಹುಪಾಲು ಒಂಟಿ ಹಳಿಯಿದ್ದ ಕೊಂಕಣ ಮಾರ್ಗಕ್ಕೆ ಈ ವಿಧಾನ ಹೊಂದುತ್ತಿತ್ತು. ಈಶಾನ್ಯ ಗಡಿ ರೈಲ್ವೆಯ 1,736 ಕಿ.ಮೀ. ಮಾರ್ಗಕ್ಕೂ ಎಸಿಡಿ ಅಳವಡಿಸಲಾಯಿತು. ನಾಲ್ಕಾರು ಹಳಿಗಳ, ಸ್ವಯಂಚಾಲಿತ ಸಿಗ್ನಲ್‌ಗಳ, ವಿದ್ಯುದೀಕರಣವಾದ ದಟ್ಟ ಮಾರ್ಗಗಳಿಗೆ ಹೋದಾಗ ಬೇಡದ ಕಡೆ ಬ್ರೇಕು ಬೀಳುವಂಥ ತೊಂದರೆಗಳು ಕಾಡಿದವು. ಕೊನೆಗೆ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಬೇರೊಂದು ವ್ಯವಸ್ಥೆ ರೂಪಿಸಿತು. ಅದರ ಆರಂಭದ ಪ್ರಯೋಗಗಳು ದಕ್ಷಿಣ ಮಧ್ಯ ರೈಲ್ವೆಯಲ್ಲಿ, ವಿಕಾರಾಬಾದಿನಿಂದ ನಮ್ಮ ವಾಡಿ ಮತ್ತು ಬೀದರ್ ಕಡೆಗೆ ಬರುವ ಮಾರ್ಗಗಳಲ್ಲಿ ನಡೆದವು. 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯೆಂದು ಒಪ್ಪಿತವಾದ ಇದೇ ಇಂದಿನ ‘ಕವಚ್’. ಇದರಲ್ಲಿ ಹಳಿ ಯಾವುದೆಂದು ಊಹಿಸುವ ಗೋಜಿಲ್ಲ: ಸ್ಲೀಪರುಗಳ ಮೇಲೆ ಆರ್‌ಎಫ್‌ಐಡಿ ಬಿಲ್ಲೆಗಳನ್ನು ಕೂರಿಸಿರುತ್ತಾರೆ, ಎಂಜಿನ್ನಿನ ತಳದ ರೀಡರು ಹಾದುಹೋಗುವಾಗ ಅವನ್ನು ಓದಿಕೊಳ್ಳುತ್ತದೆ. ಎಸಿಡಿ ವಿಫಲವಾಯಿತು ಎಂದು ಬರೆದು ಮುಗಿಸುವುದು ಅನ್ಯಾಯ. ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದು ಅದು. ಉತ್ತರದ ಒಂದು ಭಾಗ ಮಾತ್ರ ಆಗಿನ ಸೆನ್ಸರುಗಳ ಕೈಗೆ ಎಟುಕಲಿಲ್ಲ.

ಕೊಂಕಣ ಮಾರ್ಗಕ್ಕೆ ಇನ್ನೂ ದೊಡ್ಡ ಅಪಾಯ ಬೇರೆಡೆಯಿಂದ ಬಂತು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿಯ ಮೇಲೆ ಉರುಳಿದ್ದ ಬಂಡೆಗಳಿಗೆ ಬಡಿದು 50ರಷ್ಟು ಜನ ಸತ್ತರು. ಮರುವರ್ಷ ಜೂನ್ 16ರಂದು ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿ ಬಳಿ ಹೀಗೇ ಬಂಡೆಗೆ ಸಿಕ್ಕಿತು. ಎಸಿಡಿಗೆ ಕಾಣುತ್ತಿದ್ದದ್ದು ಇನ್ನೊಂದು ಎಸಿಡಿ ಮಾತ್ರ. ಬಂಡೆಯಲ್ಲಿ ರೇಡಿಯೊ ಇರುವುದಿಲ್ಲ.

ಹೀಗಾಗಿ ಈ ಮಾರ್ಗದ ಮಳೆಗಾಲದ ರಕ್ಷಣೆ ಬೇರೆ ಬೇರೆ ಸಾಧನಗಳ ಮೇಲೆ ನಿಂತಿದೆ. ಮಡಗಾಂವ್, ಕಾರವಾರ, ಭಟ್ಕಳ, ಉಡುಪಿ ಸೇರಿ ಒಂಬತ್ತು ನಿಲ್ದಾಣಗಳಲ್ಲಿ ತಾವೇ ದಾಖಲಿಸಿಕೊಳ್ಳುವ ಮಳೆಮಾಪಕಗಳಿವೆ. ಪಾನ್ವಲ್ ಸೇತುವೆ, ಗೋವಾದ ಮಾಂಡವಿ ಮತ್ತು ಜುವಾರಿ ಸೇತುವೆಗಳು, ಹೊನ್ನಾವರದ ಶರಾವತಿ ಸೇತುವೆಗಳ ಮೇಲೆ ಗಾಳಿಯ ವೇಗ ಅಳೆಯುವ ಅನಿಮೋಮೀಟರುಗಳಿವೆ. ಮಹಾರಾಷ್ಟ್ರದ ಕಾಳಿ, ಸಾವಿತ್ರಿ, ವಾಸಿಷ್ಠಿ ನದಿಗಳ ಸೇತುವೆಗಳಿಗೆ ಪ್ರವಾಹದ ಎಚ್ಚರಿಕೆ ಕೊಡುವ ವ್ಯವಸ್ಥೆಯಿದೆ. ಇವೆಲ್ಲ ಇದ್ದೂ ಗುಡ್ಡದ ಕಡಿತಗಳಲ್ಲಿ ಮಳೆಗಾಲದುದ್ದಕ್ಕೂ ಗಸ್ತು ತಿರುಗುವ ಸಿಬ್ಬಂದಿ ಇದ್ದೇ ಇದ್ದಾರೆ. ಭಾರೀ ಮಳೆಯಲ್ಲಿ ಮುಂದಿನದು ಕಾಣದಾದಾಗ ಗಂಟೆಗೆ 40 ಕಿ.ಮೀ. ಮೀರಬಾರದೆಂದು ಲೋಕೊ ಪೈಲಟ್‌ಗಳಿಗೆ ಆದೇಶವಿದೆ.

ಮತಯಂತ್ರ

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರ ದೇಶದಲ್ಲಿ ಅತಿ ಹೆಚ್ಚು ಜನ ಬೆರಳಿಟ್ಟ ಎಂಬೆಡೆಡ್ ಸಾಧನಗಳಲ್ಲೊಂದು. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲು ಬಳಕೆಯಾದಾಗ ಅದಕ್ಕೆ ಕಾನೂನಿನ ಬೆಂಬಲವಿರಲಿಲ್ಲ. ಸುಪ್ರೀಂ ಕೋರ್ಟ್ 1984ರಲ್ಲಿ ಆ ಬಳಕೆಯನ್ನು ಅಸಿಂಧುಗೊಳಿಸಿತು; ಕಾಯ್ದೆಗೆ ತಿದ್ದುಪಡಿಯಾಗಿ 1989ರಲ್ಲಿ ಜಾರಿಗೆ ಬಂತು. 1998ರ ನವೆಂಬರಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ 16 ಕ್ಷೇತ್ರಗಳಲ್ಲಿ ಪ್ರಯೋಗವಾಯಿತು. ಇಡೀ ರಾಜ್ಯವೊಂದರ ವಿಧಾನಸಭಾ ಚುನಾವಣೆ ಪೂರ್ತಿಯಾಗಿ ಯಂತ್ರದಲ್ಲೇ ಮೊದಲು ನಡೆದದ್ದು ಗೋವಾದಲ್ಲಿ, 1999ರಲ್ಲಿ. ಹದಿನೆಂಟು ವರ್ಷದ ನಂತರ, 2017ರ ಫೆಬ್ರುವರಿ 4ರಂದು, ಎಲ್ಲ 40 ಕ್ಷೇತ್ರಗಳಲ್ಲೂ ವಿವಿಪ್ಯಾಟ್ ಮುದ್ರಣಯಂತ್ರ ಜೋಡಿಸಿದ ಮೊದಲ ರಾಜ್ಯವೂ ಗೋವಾವೇ ಆಯಿತು. ಕ್ಷೇತ್ರಗಳು 40, ಒಂದೊಂದರಲ್ಲಿ ಮತದಾರರು ಕೆಲವೇ ಹತ್ತು ಸಾವಿರ. ಇಡೀ ರಾಜ್ಯವನ್ನು ಒಂದೇ ಏಟಿಗೆ ಪರೀಕ್ಷಿಸಲು ಇಷ್ಟು ಅನುಕೂಲದ ಜಾಗ ಇನ್ನೊಂದು ಸಿಗುವುದು ಕಷ್ಟ.

ಮತಯಂತ್ರದ ವಿನ್ಯಾಸದಲ್ಲಿ ಗಮನಿಸಬೇಕಾದದ್ದು ಅದಕ್ಕೆ ಬೇಕೆಂದೇ ಕೊಡದೆ ಬಿಟ್ಟ ಸಾಮರ್ಥ್ಯಗಳು. ಅದಕ್ಕೆ ಯಾವ ನೆಟ್‌ವರ್ಕಿನ ಸಂಪರ್ಕವೂ ಇಲ್ಲ. ಬ್ಯಾಟರಿಯಲ್ಲಿ ನಡೆಯುತ್ತದೆ, ಆದ್ದರಿಂದ ಕರೆಂಟಿಲ್ಲದ ಮತಗಟ್ಟೆಯಲ್ಲೂ ನಡೆಯುತ್ತದೆ. ಪ್ರೋಗ್ರಾಮನ್ನು ಒಮ್ಮೆ ಮಾತ್ರ ಬರೆಯಬಹುದಾದ ಚಿಪ್ಪಿನಲ್ಲಿ ಕೂರಿಸುತ್ತಾರೆ. ಮತಗಟ್ಟೆ ಅಧಿಕಾರಿಯ ಬಳಿಯ ಕಂಟ್ರೋಲ್ ಯೂನಿಟ್ಟಿನ ಗುಂಡಿ ಒತ್ತಿದ ಮೇಲೆಯೇ ಪರದೆಯಾಚೆಯ ಬ್ಯಾಲೆಟ್ ಯೂನಿಟ್ಟು ಎಚ್ಚರಗೊಂಡು ಒಂದು ಮತ ಪಡೆದು ಮತ್ತೆ ಸುಮ್ಮನಾಗುತ್ತದೆ. ಇಷ್ಟಾದರೂ ಮತದಾರನಿಗೆ ಒಳಗೆ ದಾಖಲಾದದ್ದು ಕಾಣುವುದಿಲ್ಲ ಎಂಬ ಆಕ್ಷೇಪ ಉಳಿದಿತ್ತು. ವಿವಿಪ್ಯಾಟ್‌ನ ಗಾಜಿನ ಹಿಂದೆ ಏಳು ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುವ ಕಾಗದದ ಚೀಟಿ ಅದಕ್ಕೆ ಕೊಟ್ಟ ಉತ್ತರ. ಎಲೆಕ್ಟ್ರಾನಿಕ್ ಲೆಕ್ಕವನ್ನು ನಂಬಿಸಲು ಕಾಗದವನ್ನೇ ಮರಳಿ ಕರೆಸಬೇಕಾಯಿತು ಎಂಬುದನ್ನು ಕೆಲವರು ವ್ಯಂಗ್ಯವಾಗಿ ಹೇಳುತ್ತಾರೆ. ಎಂಜಿನಿಯರಿನ ಕಣ್ಣಿಗೆ ಅದರಲ್ಲಿ ವ್ಯಂಗ್ಯವೇನಿಲ್ಲ. ಒಂದು ದಾಖಲೆಯನ್ನು ಬೇರೆ ಬಗೆಯ ಇನ್ನೊಂದು ದಾಖಲೆಯಿಂದ ತಾಳೆ ನೋಡುವುದು ಹಳೆಯ ಒಳ್ಳೆಯ ಪದ್ಧತಿ.

ಕಡಲು ಅಳೆಯುವ ಸಾಧನಗಳು

ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ 1966ರ ಜನವರಿ 1ರಂದು ಸ್ಥಾಪನೆಯಾಯಿತು. ಅದರ ಉಪಕರಣ ವಿಭಾಗ ತನಗೆ ಬೇಕಾದ ಎಂಬೆಡೆಡ್ ಸಾಧನಗಳನ್ನು ತಾನೇ ಮಾಡಿಕೊಂಡ ಹೆಸರುವಾಸಿ ಜಾಗ. ಪಣಜಿಯ ಎದುರು ದಡದ ವೆರೆಂ ಜೆಟ್ಟಿಯಲ್ಲಿ ಸಂಸ್ಥೆ ಕೂರಿಸಿದ ಕಡಲಮಟ್ಟದ ಮಾಪಕ ಮೊಬೈಲ್ ಫೋನಿನ ಜಾಲದ ಮೂಲಕವೇ ಅಂಕಿಗಳನ್ನು ಕಳಿಸುತ್ತಿತ್ತು, ಅವು ಕೂಡಲೇ ಇಂಟರ್ನೆಟ್ಟಿನಲ್ಲಿ ಕಾಣುತ್ತಿದ್ದವು. 2007ರ ಸೆಪ್ಟೆಂಬರ್ 12ರಂದು ಸುಮಾತ್ರಾದಲ್ಲಿ 8.4 ತೀವ್ರತೆಯ ಭೂಕಂಪವಾದಾಗ ಎದ್ದ ಸುನಾಮಿಯ ಸಣ್ಣ ಅಲೆಗಳನ್ನು ಗೋವಾ ಮತ್ತು ಲಕ್ಷದ್ವೀಪದ ಕವರತ್ತಿಯ ಮಾಪಕಗಳು ಹೀಗೆ ದಾಖಲಿಸಿ ತೋರಿಸಿದವು. ಆಮೇಲೆ ಈ ಜಾಲ ಕರ್ನಾಟಕದ ಕಾರವಾರ, ಮಲ್ಪೆಗಳಿಗೂ ಹಬ್ಬಿತು.

ನೀರಿನೊಳಗೆ ಮುಳುಗಿಸಿಟ್ಟ ಸೆನ್ಸರಿನ ಮೇಲೆ ಕರಾವಳಿಯಲ್ಲಿ ಚಿಪ್ಪುಜೀವಿಗಳು ಮನೆ ಕಟ್ಟುತ್ತವೆ, ಹೂಳು ತುಂಬುತ್ತದೆ. ಮೇಲಿನಿಂದ ನೀರಿನ ಮೇಲ್ಮೈಗೆ ರೇಡಿಯೊ ತರಂಗ ಬಿಟ್ಟು, ಅದು ಮರಳುವ ಹೊತ್ತಿನಿಂದ ದೂರ ಲೆಕ್ಕ ಹಾಕುವ ರಾಡಾರ್ ಮಾಪಕಕ್ಕೆ ಈ ಕಾಟವಿಲ್ಲ. ಆದರೆ ದೋಣಿಯೊಂದು ಸರಿಯಾಗಿ ಅದರ ಕೆಳಗೇ ಬಂದು ನಿಂತರೆ ರಾಡಾರು ದೋಣಿಯ ಎತ್ತರವನ್ನೇ ಕಡಲಮಟ್ಟವೆಂದು ನಂಬುತ್ತದೆ. ಹಾಗಾಗಿ ಕೆಲವು ನಿಮಿಷಗಳ ಅಳತೆಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯುವುದು, ಅಸಹಜ ಅಂಕಿಯನ್ನು ಬದಿಗಿಡುವುದು ಇಂಥ ಮಾಪಕಗಳ ಕೆಲಸದಲ್ಲಿ ಸೇರಿದೆ.

ಇದೇ ಸಂಸ್ಥೆ ಲಿಸ್ಬನ್ನಿನ ತಾಂತ್ರಿಕ ವಿದ್ಯಾಲಯದ ಸಹಯೋಗದಲ್ಲಿ ‘ಮಾಯಾ’ ಎಂಬ, ಮನುಷ್ಯರಿಲ್ಲದೆ ನೀರಿನಡಿ ತಾನೇ ಸಾಗುವ ವಾಹನವನ್ನು ರೂಪಿಸಿತು. ಸುಮಾರು 1.7 ಮೀಟರ್ ಉದ್ದದ ಈ ಕೊಳವೆಯಾಕಾರದ ವಾಹನ ನೀರಿಗಿಳಿದ ಮೇಲೆ ರೇಡಿಯೊ ಸಂಪರ್ಕ ಕಳೆದುಕೊಳ್ಳುತ್ತದೆ, ಏಕೆಂದರೆ ಉಪ್ಪುನೀರು ರೇಡಿಯೊ ತರಂಗಗಳನ್ನು ನುಂಗಿಬಿಡುತ್ತದೆ. ಜಿಪಿಎಸ್ಸೂ ಸಿಗುವುದಿಲ್ಲ. ಆಳ, ದಿಕ್ಕು, ವೇಗಗಳ ಲೆಕ್ಕವನ್ನು ಒಳಗಿನ ಕಂಪ್ಯೂಟರೇ ಇಟ್ಟುಕೊಂಡು, ಕೆಲಸ ಮುಗಿಸಿ ಮೇಲೆ ಬಂದು ತನ್ನ ನಿಜವಾದ ಜಾಗ ತಿಳಿದುಕೊಳ್ಳಬೇಕು. ಗೋವಾದ ಆಮಠಾಣೆ ಜಲಾಶಯದ ಶಾಂತ ನೀರಿನಲ್ಲಿ ಇದರ ಪರೀಕ್ಷೆಗಳು ನಡೆದವು.

ಟ್ರೂನ್ಯಾಟ್: ಬೆಂಗಳೂರಿನ ತಲೆ, ವೆರ್ಣಾದ ಕೈ

ಗೋವಾದ ಎಂಬೆಡೆಡ್ ಸಾಧನಗಳಲ್ಲಿ ಜಗತ್ತಿನ ಮನ್ನಣೆ ಪಡೆದದ್ದು ಟ್ರೂನ್ಯಾಟ್ ಎಂಬ ರೋಗಪತ್ತೆಯ ಯಂತ್ರ. ಗೋವಾದ ರೋಗಪತ್ತೆ ಉದ್ಯಮ ಟ್ಯೂಲಿಪ್ ಸಮೂಹ ಮತ್ತು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಸೇರಿ ಕಟ್ಟಿದ ಮಾಲ್‌ಬಯೊ ಡಯಾಗ್ನಾಸ್ಟಿಕ್ಸ್ ಇದರ ತಯಾರಕ ಸಂಸ್ಥೆ. ಸಂಶೋಧನೆ ಬೆಂಗಳೂರಿನದು, ತಯಾರಿಕೆಯ ನೆಲೆ ಗೋವಾದ ವೆರ್ಣಾದ್ದು.

ಪಿಸಿಆರ್ ಎಂಬ ತಂತ್ರದಲ್ಲಿ ರೋಗಾಣುವಿನ ಡಿಎನ್‌ಎಯನ್ನು ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿ ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸುತ್ತಾರೆ. ಇದಕ್ಕೆ ಸಾಮಾನ್ಯವಾಗಿ ದೊಡ್ಡ ಯಂತ್ರ, ಹವಾನಿಯಂತ್ರಿತ ಕೋಣೆ, ನುರಿತ ಸಿಬ್ಬಂದಿ ಬೇಕು. ಟ್ರೂನ್ಯಾಟ್ ಇದನ್ನೇ ಬೆರಳ ತುದಿಯಷ್ಟು ಚಿಪ್ಪಿಗೆ ಇಳಿಸಿತು. ಚಿಪ್ಪಿನ ಬಾವಿಗೆ ಹಾಕಬೇಕಾದ ದ್ರವ 6 ಮೈಕ್ರೋಲೀಟರ್, ಎಂದರೆ ಒಂದು ಹನಿಯ ಒಂದು ಚೂರು. ಇಷ್ಟು ಕಡಿಮೆ ದ್ರವವಾದ್ದರಿಂದ ಅದು ಬೇಗ ಬಿಸಿಯಾಗುತ್ತದೆ, ಬೇಗ ತಣಿಯುತ್ತದೆ. ಬ್ಯಾಟರಿಯಲ್ಲಿ ನಡೆಸಲು ಸಾಧ್ಯವಾದದ್ದು ಇದರಿಂದಲೇ. ಬೇಕಾದ ರಾಸಾಯನಿಕಗಳನ್ನು ಒಣಗಿಸಿ ಪುಟ್ಟ ನಳಿಕೆಯಲ್ಲಿ ತುಂಬಿಟ್ಟಿರುತ್ತಾರೆ, 30 ಡಿಗ್ರಿಯವರೆಗೆ ಫ್ರಿಜ್ ಬೇಡ.

ಚಿಪ್ಪಿನಲ್ಲಿ ಒಂದು ನೆನಪಿನ ಘಟಕವೂ ಇದೆ. ಆ ಬ್ಯಾಚಿನ ರಾಸಾಯನಿಕಗಳಿಗೆ ಹೊಂದುವ ಮಾನಕ ಅಂಕಿಗಳನ್ನು ಕಾರ್ಖಾನೆಯಲ್ಲೇ ಅದರಲ್ಲಿ ಬರೆದಿರುತ್ತಾರೆ. ಯಂತ್ರ ಅವನ್ನು ಓದಿಕೊಂಡು ಲೆಕ್ಕ ಮಾಡುತ್ತದೆ, ತಂತ್ರಜ್ಞ ಏನನ್ನೂ ಟೈಪ್ ಮಾಡಬೇಕಿಲ್ಲ. ಪರೀಕ್ಷೆ ಮುಗಿದ ಮೇಲೆ ಅದೇ ನೆನಪಿನಲ್ಲಿ ‘ಬಳಸಿದ್ದಾಗಿದೆ’ ಎಂದು ಗುರುತು ಬೀಳುತ್ತದೆ, ಕೈತಪ್ಪಿ ಅದೇ ಚಿಪ್ಪನ್ನು ಮತ್ತೆ ಹಾಕಿದರೆ ಯಂತ್ರ ಒಪ್ಪುವುದಿಲ್ಲ. ನಾಲ್ಕಾರು ಮಂದಿ ಮಾಡುವ ಕೆಲಸವನ್ನು ಒಬ್ಬರೇ ಮಾಡುವ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕಣ್ಣಮುಂದೆ ಇಟ್ಟುಕೊಂಡವರು ಮಾತ್ರ ಹೀಗೆ ವಿನ್ಯಾಸ ಮಾಡಬಲ್ಲರು.

ಕ್ಷಯ ಪತ್ತೆಗೆ ಟ್ರೂನ್ಯಾಟ್ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅನುಮೋದಿಸಿತು. ಅದೇ ವರ್ಷ ಕೋವಿಡ್ ಬಂದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಕೋವಿಡ್ ಪರೀಕ್ಷೆಗೂ ಒಪ್ಪಿತು, ಕ್ಷಯಕ್ಕೆಂದು ಜಿಲ್ಲೆ ತಾಲೂಕುಗಳಲ್ಲಿ ಅದಾಗಲೇ ಇದ್ದ ಯಂತ್ರಗಳು ರಾತ್ರೋರಾತ್ರಿ ಹೊಸ ಕೆಲಸಕ್ಕೆ ಇಳಿದವು. ಬದಲಿಸಬೇಕಾದದ್ದು ಮುಖ್ಯವಾಗಿ ಚಿಪ್ಪು ಮತ್ತು ರಾಸಾಯನಿಕ.

ವೆರ್ಣಾದ ಕಾರ್ಖಾನೆಗಳು

ದಕ್ಷಿಣ ಗೋವಾದ ವೆರ್ಣಾ ಪ್ರಸ್ಥಭೂಮಿಯ ಮೇಲೆ ರಾಜ್ಯದ ದೊಡ್ಡ ಕೈಗಾರಿಕಾ ವಸಾಹತು ಇದೆ. ಔಷಧ ಕಂಪನಿಗಳು ಇಲ್ಲಿ ಹೆಚ್ಚು. ಡಿ-ಲಿಂಕ್ ಮತ್ತು ಕೆ. ಆರ್. ನಾಯಕ್ ಕಟ್ಟಿದ ಸ್ಮಾರ್ಟ್‌ಲಿಂಕ್ ಮೂಲಕ ರೌಟರು, ಸ್ವಿಚ್ಚುಗಳ ಉದ್ಯಮವೂ ಇಲ್ಲಿ ಬೆಳೆಯಿತು. ಮನೆಯ ಮೂಲೆಯಲ್ಲಿ ಮಿನುಗುವ ವೈಫೈ ರೌಟರು ಕೂಡ ಎಂಬೆಡೆಡ್ ಕಂಪ್ಯೂಟರೇ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟ ಇಂಥ ಲಕ್ಷಾಂತರ ಸಾಧನಗಳನ್ನು ‘ಮಿರಾಯ್’ ಎಂಬ ಕುತಂತ್ರಾಂಶ 2016ರಲ್ಲಿ ವಶಪಡಿಸಿಕೊಂಡು ಜಗತ್ತಿನ ದೊಡ್ಡ ವೆಬ್‌ಸೈಟುಗಳನ್ನೇ ಉರುಳಿಸಿತ್ತು.

ಬಾಷ್ ಕಂಪನಿಯ ಪ್ಯಾಕೇಜಿಂಗ್ ವಿಭಾಗ ವೆರ್ಣಾದಲ್ಲಿ ಪ್ಯಾಕಿಂಗ್ ಯಂತ್ರಗಳನ್ನು ತಯಾರಿಸುತ್ತಿತ್ತು. 2020ರಿಂದ ಅದು ಸಿಂಟೆಗಾನ್ ಎಂಬ ಹೆಸರಿನಲ್ಲಿದೆ. ಇಂಥ ಯಂತ್ರಗಳ ಕೆಲಸದ ಕುರುಹು ಪ್ರತಿ ಮನೆಯಲ್ಲೂ ಸಿಗುತ್ತದೆ. ಚಿಪ್ಸ್ ಅಥವಾ ಬಿಸ್ಕತ್ತಿನ ಪೊಟ್ಟಣದ ಅಂಚಿನಲ್ಲಿ ಅರ್ಥವಿಲ್ಲದಂತೆ ಕಾಣುವ ಒಂದು ಕಪ್ಪು ಆಯತ ಇರುತ್ತದೆ. ಸುರುಳಿಯಿಂದ ಬಿಚ್ಚುತ್ತ ಓಡುವ ಪ್ಲಾಸ್ಟಿಕ್ ಹಾಳೆಯ ಆ ಕಪ್ಪು ಗುರುತನ್ನು ಬೆಳಕಿನ ಸೆನ್ಸರು ಕಾಯುತ್ತಿರುತ್ತದೆ. ಗುರುತು ಹಾದುಹೋದ ಕ್ಷಣವೇ ಯಂತ್ರ ಕತ್ತರಿಸುವ ಹೊತ್ತನ್ನು ಲೆಕ್ಕ ಹಾಕಿ, ಹಾಳೆ ಒಂದಿಷ್ಟು ಹಿಗ್ಗಿದ್ದರೆ ಮೋಟಾರಿನ ವೇಗ ತಿದ್ದುತ್ತದೆ. ಗುರುತು ಮಾಸಿದ್ದರೆ ಬ್ರ್ಯಾಂಡಿನ ಹೆಸರು ಅರ್ಧಕ್ಕೆ ತುಂಡಾದ ಪೊಟ್ಟಣಗಳ ರಾಶಿ ಬೀಳುತ್ತದೆ. ಈ ಲೆಕ್ಕ ಮಾಡುವುದು ಪಿಎಲ್‌ಸಿ ಎಂಬ ಗಟ್ಟಿಮುಟ್ಟಾದ ಕೈಗಾರಿಕಾ ಕಂಪ್ಯೂಟರು. ಉಸಗಾಂವಿನ ಎಂಆರ್‌ಎಫ್ ಟಯರ್ ಕಾರ್ಖಾನೆಯಂಥ ದೊಡ್ಡ ಘಟಕಗಳು ನಡೆಯುವುದೂ ಇಂಥವುಗಳಿಂದಲೇ.

ಔಷಧದ ಸಾಲಿನಲ್ಲಿ ಒಂದು ಕೆಲಸ ಹೆಚ್ಚು: 2023ರ ಆಗಸ್ಟ್ 1ರಿಂದ ದೇಶದ 300 ಹೆಸರಾಂತ ಔಷಧ ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸಾಲಿನ ಕ್ಯಾಮೆರಾ ಪ್ರತಿ ಕೋಡನ್ನು ಓದಿ ನೋಡಿ, ಮಸುಕಾದದ್ದನ್ನು ಗಾಳಿಯ ಊದಿನಿಂದ ಹೊರಕ್ಕೆ ತಳ್ಳುತ್ತದೆ. ವಾಸ್ಕೊ, ಜುವಾರಿನಗರ ಕಡೆಯಿಂದ ಈ ಕಾರ್ಖಾನೆಗಳಿಗೆ ಪಾಳಿಗೆ ಬರುವವರಲ್ಲಿ ಉತ್ತರ ಕರ್ನಾಟಕದ ಮೂಲದವರು ಬಹಳ. ಸಾಲು ನಿಂತಾಗ ಪರದೆಯಲ್ಲಿ ಮೂಡುವ ಇಂಗ್ಲಿಷ್ ಸೂಚನೆಯನ್ನು ಅವರು ಅಕ್ಷರದಿಂದಲ್ಲ, ಎಷ್ಟನೇ ದೀಪ ಯಾವ ಬಣ್ಣಕ್ಕೆ ತಿರುಗಿತು ಎಂಬುದರಿಂದ ಗುರುತಿಸಿದರೆ ಆಶ್ಚರ್ಯವಿಲ್ಲ. ಯಂತ್ರದ ಮೇಲೆ ಕೆಂಪು, ಹಳದಿ, ಹಸಿರು ದೀಪದ ಕಂಬ ನಿಲ್ಲಿಸುವುದೇ ಅದಕ್ಕಾಗಿ.

ಅದಿರು, ಟ್ಯಾಕ್ಸಿ, ಕ್ಯಾಸಿನೊ

ಅಕ್ರಮ ಗಣಿಗಾರಿಕೆ ಕುರಿತ ನ್ಯಾಯಮೂರ್ತಿ ಶಾ ಆಯೋಗದ ವರದಿಯ ಬೆನ್ನಿಗೆ 2012ರಲ್ಲಿ ಗೋವಾದ ಗಣಿಗಾರಿಕೆ ನಿಂತಿತು. 2014ರಲ್ಲಿ ಸುಪ್ರೀಂ ಕೋರ್ಟ್ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿ ಹಾಕಿ ಬಿಟ್ಟುಕೊಟ್ಟಿತು, 2018ರಲ್ಲಿ ಮತ್ತೆ ನಿಲ್ಲಿಸಿತು. ಅದಿರು ಲಾರಿಗಳಿಗೆ ಜಿಪಿಎಸ್, ವೇಬ್ರಿಡ್ಜಿನ ತೂಕ ನೇರವಾಗಿ ಸರ್ಕಾರದ ಕಂಪ್ಯೂಟರಿಗೆ ಎಂಬ ಏರ್ಪಾಡು ಇಂಥ ಹಗರಣಗಳ ಫಲ. ಬಳ್ಳಾರಿಯ ಅನುಭವವೂ ಇದೇ ದಾರಿಯದು. ಲಾರಿ ಎಲ್ಲಿತ್ತು, ಎಷ್ಟು ತೂಗಿತು ಎಂಬುದು ಈ ಸಾಧನಗಳಿಗೆ ಕಾಣುತ್ತದೆ. ಅದಿರು ಯಾವ ಗಡಿಯೊಳಗಿನ ಗುಂಡಿಯಿಂದ ಬಂತು ಎಂಬುದು ಕಾಣುವುದಿಲ್ಲ, ಅದಕ್ಕೆ ಸರ್ವೆಯೇ ಆಗಬೇಕು.

ಟ್ಯಾಕ್ಸಿಯ ಡಿಜಿಟಲ್ ಮೀಟರು ತಾಂತ್ರಿಕವಾಗಿ ತೀರಾ ಸಾಮಾನ್ಯ ವಸ್ತು. ಚಕ್ರದ ಸುತ್ತಿಗೆ ತಕ್ಕಂತೆ ಬರುವ ವಿದ್ಯುತ್ ಮಿಡಿತಗಳನ್ನು ಎಣಿಸಿ ಬಾಡಿಗೆ ತೋರಿಸುತ್ತದೆ, ತೂಕ ಅಳತೆ ಇಲಾಖೆ ಅದಕ್ಕೆ ಸೀಲು ಹಾಕುತ್ತದೆ. ಗೋವಾದಲ್ಲಿ ಅದನ್ನು ಜಾರಿಗೆ ತರಲು ಮಾತ್ರ ಹೈಕೋರ್ಟಿನವರೆಗೂ ಹೋಗಬೇಕಾಯಿತು. 2021ರಲ್ಲಿ ಅಳವಡಿಕೆ ಶುರುವಾದಾಗಲೂ ಟ್ಯಾಕ್ಸಿಯವರ ವಿರೋಧ ತಣ್ಣಗಾಗಲಿಲ್ಲ. ಜಗಳ ಇದ್ದದ್ದು ಸರ್ಕ್ಯೂಟಿನ ಮೇಲಲ್ಲ, ದರ ಯಾರು ನಿಗದಿ ಮಾಡಬೇಕೆಂಬುದರ ಮೇಲೆ.

ಮಾಂಡವಿಯಲ್ಲಿ ತೇಲುವ ಕ್ಯಾಸಿನೊಗಳನ್ನೂ ಇಲ್ಲಿ ಬಿಡುವಂತಿಲ್ಲ. 1976ರ ಜೂಜು ಕಾಯ್ದೆಗೆ 1992ರಲ್ಲಿ ಆದ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಅವಕಾಶ ಕೊಟ್ಟಿತು. ಸ್ಲಾಟ್ ಯಂತ್ರದೊಳಗಿನ ಚಿಪ್ಪು ಯಾರೂ ಆಡದಿದ್ದಾಗಲೂ ಯಾದೃಚ್ಛಿಕ ಸಂಖ್ಯೆಗಳನ್ನು ಹೊರಹಾಕುತ್ತಲೇ ಇರುತ್ತದೆ. ಗುಂಡಿ ಒತ್ತಿದ ಕ್ಷಣದ ಸಂಖ್ಯೆಯೇ ಫಲಿತಾಂಶ, ಆಮೇಲೆ ತಿರುಗುವ ಚಕ್ರಗಳೆಲ್ಲ ತೋರಿಕೆ. ಇನ್ನೇನು ಗೆದ್ದೇಬಿಟ್ಟೆ ಎನಿಸುವಂತೆ ಅವು ನಿಲ್ಲುವುದು ಕೂಡ ವಿನ್ಯಾಸವೇ.

ಆಯುಷ್ಯ ಮತ್ತು ನಿರ್ವಹಣೆ

ಮೊಬೈಲ್ ಫೋನನ್ನು ಮೂರ್ನಾಲ್ಕು ವರ್ಷಕ್ಕೆ ಬದಲಿಸುವವರಿದ್ದಾರೆ. ಮತಯಂತ್ರದ ಆಯುಷ್ಯ 15 ವರ್ಷವೆಂದು ಲೆಕ್ಕ, ಕಾರ್ಖಾನೆಯ ಪಿಎಲ್‌ಸಿ ಇಪ್ಪತ್ತು ವರ್ಷ ದುಡಿಯುವುದೂ ಉಂಟು. ಚಿಪ್ ತಯಾರಕರು ಅಷ್ಟು ಕಾಲ ಅದೇ ಚಿಪ್ಪನ್ನು ಮಾಡುತ್ತ ಕೂರುವುದಿಲ್ಲ. ಹಳೆಯದು ನಿಂತರೆ ಬೋರ್ಡನ್ನೇ ಹೊಸದಾಗಿ ವಿನ್ಯಾಸ ಮಾಡಬೇಕು. ಔಷಧ, ವೈದ್ಯಕೀಯ, ರೈಲ್ವೆ ಸಾಧನಗಳಾದರೆ ಪರೀಕ್ಷೆ, ಅನುಮತಿಗಳೆಲ್ಲ ಮೊದಲಿನಿಂದ. ಪೆರ್ಣೆಂ ತಾಲೂಕಿನ ತುಯೆಂನಲ್ಲಿ ರಾಜ್ಯ ಸರ್ಕಾರ ಎಲೆಕ್ಟ್ರಾನಿಕ್ಸ್ ತಯಾರಿಕೆಗೆಂದೇ ಜಾಗ ಮೀಸಲಿಟ್ಟು ವಸಾಹತು ರೂಪಿಸಿದೆ. ಬಿಟ್ಸ್ ಪಿಲಾನಿಯ ಜುವಾರಿನಗರ ಕ್ಯಾಂಪಸ್, ಫರ್ಮಾಗುಡಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ವಿನ್ಯಾಸಕ್ಕೆ ಬೇಕಾದ ಪದವೀಧರರು ಹೊರಬರುತ್ತಾರೆ, ಅವರಲ್ಲಿ ಅನೇಕರು ಹೋಗುವುದು ಬೆಂಗಳೂರಿಗೆ. ವೆರ್ಣಾದ ಸಾಲಿನಲ್ಲಿ ಹಳೆಯ ಯಂತ್ರ ನಿಂತಾಗ ಲ್ಯಾಪ್‌ಟಾಪ್ ಹಿಡಿದು ಬರುವವರು ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿದ ನಿರ್ವಹಣೆಯ ಹುಡುಗರು. ಅವರು ಮೊದಲು ಕೇಳುವುದು ಪಿಎಲ್‌ಸಿಯ ಪ್ರೋಗ್ರಾಮಿನ ಬ್ಯಾಕಪ್ ಯಾರ ಹತ್ತಿರ ಇದೆ ಎಂದು. ಅದು ಸಿಗದಿದ್ದರೆ ಯಂತ್ರದ ಚಲನೆಯನ್ನೇ ಹೆಜ್ಜೆ ಹೆಜ್ಜೆಯಾಗಿ ನೋಡಿ ಪ್ರೋಗ್ರಾಮನ್ನು ಹೊಸದಾಗಿ ಬರೆಯಬೇಕಾಗುತ್ತದೆ, ಅದಕ್ಕೆ ವಾರಗಳೇ ಹಿಡಿಯುತ್ತವೆ.